ಅಂಗಳದ ಕ್ಯಾಮೆರಾ ವೈಫೈಗೆ ಸೇರುತ್ತಿಲ್ಲ: ಬದಲಿಸುವ ಮೊದಲು ಏನು ಪರೀಕ್ಷಿಸಬೇಕು?

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪ ತೋಟದ ನಡುವೆ ನಮ್ಮ ಹಳೆಯ ಮುರಕಲ್ಲಿನ ಮನೆಯಿದೆ. ಜಗಲಿಯಲ್ಲಿ ಒಂದು, ಅಡಿಕೆ ಒಣಹಾಕುವ ಅಂಗಳಕ್ಕೆ ಮುಖಮಾಡಿ ಕೊಟ್ಟಿಗೆಯ ಮಾಡಿನ ಅಡಿಯಲ್ಲಿ ಇನ್ನೊಂದು, ಹೀಗೆ ಎರಡು ವೈಫೈ ಕ್ಯಾಮೆರಾಗಳಿವೆ. ಫೈಬರ್ ಸಂಪರ್ಕದೊಂದಿಗೆ ಹೊಸ ರೂಟರ್ ಬಂದ ಮೇಲೆ ಹಳೆಯದಾದ ಅಂಗಳದ ಕ್ಯಾಮೆರಾ ‘ಪಾಸ್‌ವರ್ಡ್ ತಪ್ಪು’ ಎನ್ನುತ್ತಿದೆ. ಈಚೆಗೆ ಕೊಂಡ ಜಗಲಿಯ ಕ್ಯಾಮೆರಾ ಸೇರಿಕೊಂಡರೂ ರಾತ್ರಿ ಹೊತ್ತು ಆಗಾಗ ಆಫ್‌ಲೈನ್ ಆಗುತ್ತದೆ. ದುಬೈಯಲ್ಲಿರುವ ಮಗ ನೋಡುವಾಗ ಚಿತ್ರ ತಡೆತಡೆದು ಬರುತ್ತದೆ. ಎರಡನ್ನೂ ಬದಲಿಸಬೇಕೇ?

ಉತ್ತರ: ಸದ್ಯಕ್ಕೆ ಯಾವುದನ್ನೂ ಬದಲಿಸಬೇಡಿ. ನೀವು ವಿವರಿಸಿದ್ದರಲ್ಲಿ ಮೂರು ಬೇರೆ ಬೇರೆ ತೊಂದರೆಗಳಿರುವಂತೆ ಕಾಣುತ್ತದೆ, ಮೂರಕ್ಕೂ ಕ್ಯಾಮೆರಾವೇ ಕಾರಣವಾಗಿರುವ ಸಾಧ್ಯತೆ ಕಡಿಮೆ.

ಅಂಗಳದ ಕ್ಯಾಮೆರಾವನ್ನು ಕಳಚಿ, ರೂಟರ್ ಇರುವ ಕೋಣೆಗೇ ತಂದು, ಎರಡು ಮೀಟರ್ ದೂರದಲ್ಲಿಟ್ಟು ಜೋಡಿಸಿ ನೋಡಿ. ಅಲ್ಲಿ ಸೇರಿಕೊಂಡರೆ ದೋಷ ದೂರದ್ದು ಅಥವಾ ಗೋಡೆಯದ್ದು. ಅಲ್ಲಿಯೂ ಸೇರದಿದ್ದರೆ ರೂಟರಿನ ಸೆಟ್ಟಿಂಗಿನದು. ಏಣಿ ಹತ್ತುವ ಶ್ರಮವಿದ್ದರೂ ಈ ಪರೀಕ್ಷೆಯನ್ನು ಬಿಡಬೇಡಿ. ಇದನ್ನು ಮಾಡದೆ ರೂಟರಿನ ಶಕ್ತಿ ಹೆಚ್ಚಿಸುವ ಉಪಕರಣ ಕೊಂಡು ಹಣ ಕಳೆದುಕೊಂಡವರು ಬಹಳ ಮಂದಿ.

ನಿಮ್ಮ ವಿಷಯದಲ್ಲಿ ಎರಡನೆಯದೇ, ಅಂದರೆ ರೂಟರಿನ ಸೆಟ್ಟಿಂಗೇ, ಕಾರಣವಿರಬಹುದೆಂದು ನನ್ನ ಅನಿಸಿಕೆ. ಹಳೆಯ ಹಾಗೂ ಕಡಿಮೆ ಬೆಲೆಯ ವೈಫೈ ಕ್ಯಾಮೆರಾಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ತರಂಗವನ್ನು ಮಾತ್ರ ಬಲ್ಲವು. ಹೊಸ ರೂಟರುಗಳಲ್ಲಿ ಹಲವು 2.4 ಮತ್ತು 5 ಗಿಗಾಹರ್ಟ್ಸ್ ಎರಡನ್ನೂ ಒಂದೇ ಹೆಸರಿನಲ್ಲಿ ಬಿಡುತ್ತವೆ. ಸೆಟಪ್ ಮಾಡುವ ಮೊಬೈಲ್ 5ರಲ್ಲಿದ್ದರೆ ಕೆಲವು ಕ್ಯಾಮೆರಾಗಳ ಜೋಡಣೆ ಅಲ್ಲಿಗೇ ನಿಲ್ಲುತ್ತದೆ. ಇದಕ್ಕಿಂತಲೂ ಕಣ್ಣಿಗೆ ಬೀಳದ ಕಾರಣ ಭದ್ರತೆಯ ವಿಧಾನ. 2018ರಲ್ಲಿ ಬಂದ ಡಬ್ಲ್ಯುಪಿಎ3 ವಿಧಾನವನ್ನು ಅರಿಯದ ಹಳೆಯ ಕ್ಯಾಮೆರಾ, ಪಾಸ್‌ವರ್ಡ್ ಅಕ್ಷರ ತಪ್ಪದೆ ಕೊಟ್ಟರೂ ಒಪ್ಪಂದಕ್ಕೆ ಬರಲಾರದೆ ‘ಪಾಸ್‌ವರ್ಡ್ ತಪ್ಪು’ ಎಂದೇ ತೋರಿಸುವುದುಂಟು. ಆದ್ದರಿಂದ ಬ್ರೌಸರಿನಲ್ಲಿ ರೂಟರಿನ ಸೆಟ್ಟಿಂಗ್ ಪುಟಕ್ಕೆ ಹೋಗಿ 2.4ಕ್ಕೆ ಬೇರೆಯೇ ಹೆಸರು ಕೊಟ್ಟು, ಅದರ ಭದ್ರತೆಯನ್ನು ಡಬ್ಲ್ಯುಪಿಎ2 ಎಂದೂ, ಚಾನೆಲ್ ಅಗಲವನ್ನು 20 ಮೆಗಾಹರ್ಟ್ಸ್ ಎಂದೂ, ಚಾನೆಲನ್ನು 1, 6, 11ರಲ್ಲಿ ಒಂದಕ್ಕೂ ನಿಲ್ಲಿಸಿ. ಹೆಸರು ಮತ್ತು ಪಾಸ್‌ವರ್ಡಿನಲ್ಲಿ ಸರಳ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳಷ್ಟೇ ಇರಲಿ. ಕನ್ನಡ ಅಥವಾ ಮಲಯಾಳ ಅಕ್ಷರಗಳಲ್ಲಿ ಹೆಸರಿಟ್ಟರೆ ಕೆಲವು ಕ್ಯಾಮೆರಾಗಳು ಗುರುತಿಸುವುದಿಲ್ಲ.

ಇದಾದ ಮೇಲೆ ಕ್ಯಾಮೆರಾವನ್ನು ರೀಸೆಟ್ ಮಾಡಬೇಕಾಗಿ ಬಂದರೆ, ಕಂಪನಿಯವರು ಕೊಟ್ಟ ಮೂಲ ಪಾಸ್‌ವರ್ಡ್ ಮರಳಿ ಬಂದಿರುತ್ತದೆ ಎಂಬುದನ್ನು ಮರೆಯಬೇಡಿ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಕ್ಯಾಮೆರಾಗಳನ್ನು ವಶಪಡಿಸಿಕೊಂಡದ್ದು ಯಾರೂ ಬದಲಿಸದ ಇಂಥ ಮೂಲ ಪಾಸ್‌ವರ್ಡುಗಳ ಮೂಲಕವೇ.

ಕ್ಯಾಮೆರಾ ರೂಟರಿನ ಬಳಿ ಸೇರಿ, ಕೊಟ್ಟಿಗೆಗೆ ಒಯ್ದಾಗ ಬಿಟ್ಟುಹೋದರೆ, ಆಗ ಗೋಡೆಯ ವಿಚಾರ. ಒಂದಡಿಯಷ್ಟು ದಪ್ಪದ ಮುರಕಲ್ಲಿನ ಗೋಡೆಗಳನ್ನು ಎರಡೆರಡು ಬಾರಿ ದಾಟುವಷ್ಟರಲ್ಲಿ ತರಂಗ ಬಹುಮಟ್ಟಿಗೆ ಸೋತಿರುತ್ತದೆ, ಮಳೆಗಾಲದಲ್ಲಿ ಕಲ್ಲು ನೀರು ಹೀರಿದಾಗಲಂತೂ ಇನ್ನಷ್ಟು. ಕ್ಯಾಮೆರಾ ಇರುವ ಜಾಗದಲ್ಲೇ ನಿಂತು, ಮೊಬೈಲನ್ನು 2.4ಕ್ಕೆ ಜೋಡಿಸಿ, ವೈಫೈ ಅಳೆಯುವ ಆ್ಯಪ್‌ನಲ್ಲಿ ಡೆಸಿಬೆಲ್ ಅಂಕಿಯನ್ನು ನೋಡಿ. ಮೈನಸ್ 60ರ ಆಸುಪಾಸು ಚೆನ್ನಾಗಿದೆ, ಮೈನಸ್ 70ರಿಂದ ಆಚೆಗೆ ನಂಬುವಂತಿಲ್ಲ. ಈ ಅಂಕಿ 10 ಇಳಿದರೆ ಶಕ್ತಿ ಹತ್ತನೆಯ ಒಂದು ಪಾಲಾಗುತ್ತದೆ. ರೂಟರನ್ನು ಒಳಕೋಣೆಯ ಕಬ್ಬಿಣದ ಕಪಾಟಿನ ಪಕ್ಕದಿಂದ ಅಂಗಳದ ಕಡೆಯ ಕಿಟಕಿಗೆ ಸರಿಸುವುದೇ ಕೆಲವೊಮ್ಮೆ ಸಾಕಾಗುತ್ತದೆ. ರಿಪೀಟರ್ (ವೈಫೈ ಸಿಗ್ನಲನ್ನು ಹಿಡಿದು ಮುಂದಕ್ಕೆ ಬಿಡುವ ಉಪಕರಣ) ಹಾಕುವುದಾದರೆ ಅದನ್ನು ಕ್ಯಾಮೆರಾದ ಪಕ್ಕದಲ್ಲಿಡುವುದು ವ್ಯರ್ಥ. ಸಿಗ್ನಲ್ ಇನ್ನೂ ಬಲವಾಗಿರುವ ನಡುದಾರಿಯಲ್ಲಿಡಬೇಕು.

ಜಗಲಿಯ ಕ್ಯಾಮೆರಾ ರಾತ್ರಿ ಮಾತ್ರ ಬಿಡುವುದಕ್ಕೆ ವೈಫೈಯನ್ನು ದೂರುವ ಮೊದಲು ವಿದ್ಯುತ್ ತಂತಿಯನ್ನು ನೋಡಿ. ಕತ್ತಲಾದೊಡನೆ ಕ್ಯಾಮೆರಾದ ಒಳಗಿನ, ಕತ್ತಲಲ್ಲಿ ನೋಡಲು ನೆರವಾಗುವ ಅವಗೆಂಪು (ಇನ್‌ಫ್ರಾರೆಡ್) ದೀಪಗಳು ಉರಿಯತೊಡಗಿ, ಅದು ಹಗಲಿಗಿಂತ ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ. 5 ವೋಲ್ಟಿನ ಅಡಾಪ್ಟರ್ ಮನೆಯೊಳಗಿದ್ದು, ತೆಳುವಾದ ಯುಎಸ್‌ಬಿ ತಂತಿಯನ್ನು ಐದು ಮೀಟರ್ ಎಳೆದಿದ್ದರೆ, ಅರ್ಧ ಆಂಪಿಯರ್ ಹರಿದಾಗಲೇ ಸುಮಾರು 1 ವೋಲ್ಟ್ ದಾರಿಯಲ್ಲಿ ಕುಸಿಯಬಹುದು. ಆಗ ಕ್ಯಾಮೆರಾ ತಾನಾಗಿ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಮೊಬೈಲಿನಲ್ಲಿ ನಿಮಗೆ ಕಾಣುವುದು ‘ಆಫ್‌ಲೈನ್’ ಎಂಬ ಮಾತು ಮಾತ್ರ. ಒಂದು ರಾತ್ರಿ ಅವಗೆಂಪು ದೀಪವನ್ನು ಆ್ಯಪ್‌ನಲ್ಲಿ ಆರಿಸಿ ನೋಡಿ. ಸಂಪರ್ಕ ಕಡಿಯದೆ ಉಳಿಯಿತೆಂದರೆ ಇದೇ ಕಾರಣ. ಮಳೆನೀರು ತಾಗದ ಪೆಟ್ಟಿಗೆಯಲ್ಲಿ ಅಡಾಪ್ಟರನ್ನು ಕ್ಯಾಮೆರಾದ ಸಮೀಪಕ್ಕೆ ತಂದು, ಗಿಡ್ಡ ಹಾಗೂ ದಪ್ಪ ತಂತಿ ಬಳಸಿದರೆ ಸರಿಹೋಗುತ್ತದೆ.

ದುಬೈಯ ಮಗನಿಗೆ ಚಿತ್ರ ತಡೆಯುವುದನ್ನು ಹೀಗೆ ಪರೀಕ್ಷಿಸಿ: ಮೊದಲು ಮನೆಯ ವೈಫೈಯಲ್ಲೇ ನೇರ ಚಿತ್ರ ನೋಡಿ, ಬಳಿಕ ಅದೇ ಮೊಬೈಲಿನ ವೈಫೈ ಆರಿಸಿ ಮೊಬೈಲ್ ಡೇಟಾದಲ್ಲಿ ನೋಡಿ. ಮನೆಯೊಳಗೂ ತಡೆಯುತ್ತಿದ್ದರೆ ಇಂಟರ್ನೆಟ್ಟಿನ ದೋಷವಾಗಿರುವ ಸಾಧ್ಯತೆ ಕಡಿಮೆ. ಒಂದು 1080 ಗುಣಮಟ್ಟದ ಕ್ಯಾಮೆರಾಕ್ಕೆ ಸಾಮಾನ್ಯವಾಗಿ ಸೆಕೆಂಡಿಗೆ 1ರಿಂದ 2 ಮೆಗಾಬಿಟ್ ಅಪ್‌ಲೋಡ್ ವೇಗ ಸಾಕು, ಫೈಬರಿನಲ್ಲಿ ಅದಕ್ಕೆ ಕೊರತೆಯಾಗುವುದು ಅಪರೂಪ. ಏನೇ ಆದರೂ ಕ್ಯಾಮೆರಾದೊಳಗೆ ಮೆಮೊರಿ ಕಾರ್ಡ್ ಇರಲಿ: ನೆಟ್ ಕಡಿದ ಹೊತ್ತಿನಲ್ಲಿ ಅಂಗಳಕ್ಕೆ ಯಾರು ಬಂದರೆಂಬುದು ಆಗಲೂ ದಾಖಲಾಗುತ್ತದೆ.

ಕರೆಂಟು ಹೋಗಿ ಬಂದಾಗಲೆಲ್ಲ ಕ್ಯಾಮೆರಾ ಸೇರುವುದಿಲ್ಲವಾದರೆ ರೂಟರನ್ನೂ ಫೈಬರ್ ಪೆಟ್ಟಿಗೆಯನ್ನೂ ಇನ್ವರ್ಟರಿಗೆ ಜೋಡಿಸಿ. ರೂಟರ್ ಎಚ್ಚರಗೊಳ್ಳಲು ಕೆಲವು ನಿಮಿಷ ಬೇಕು, ಕೆಲವು ಕ್ಯಾಮೆರಾಗಳು ಅಷ್ಟು ಕಾಯದೆ ಪ್ರಯತ್ನ ಬಿಟ್ಟುಬಿಡುತ್ತವೆ.

ಇಷ್ಟೆಲ್ಲ ಆದ ಮೇಲೂ ಕೊಟ್ಟಿಗೆಯಲ್ಲಿ ಸಿಗ್ನಲ್ ಸಾಲದಿದ್ದರೆ ತಂತಿಯೇ ಗಟ್ಟಿ ಪರಿಹಾರ; ಲ್ಯಾನ್ ಕೇಬಲ್ 100 ಮೀಟರ್‌ವರೆಗೆ ಸಾಕಾಗುತ್ತದೆ. ಆದರೆ ನಿಮ್ಮ ಕಡೆ ಏಪ್ರಿಲ್–ಮೇ ಮತ್ತು ತುಲಾ ಮಾಸದ ಸಿಡಿಲು ಜೋರು. ಬಯಲಲ್ಲಿ ಎಳೆದ ತಾಮ್ರದ ತಂತಿಯ ಮೂಲಕ ಅದು ರೂಟರಿಗೂ ನುಗ್ಗಬಹುದು. ಹಾಗಾಗಿ ಕೊಟ್ಟಿಗೆಗೆ ಲೋಹದ ಎಳೆಯಿಲ್ಲದ ಫೈಬರ್ ಎಳೆಸಿ, ಎರಡು ತುದಿಗೂ ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನ್ ಕೇಬಲಿಗೆ ಜೋಡಿಸುವ ಪೆಟ್ಟಿಗೆ) ಹಾಕಿಸುವುದನ್ನೇ ನಾನು ಸೂಚಿಸುತ್ತೇನೆ. ಲ್ಯಾನ್ ಕೇಬಲನ್ನೇ ಹಾಕಿಸಿದಿರಾದರೆ, ಗುಡುಗು ಸಮೀಪಿಸುವ ಮೊದಲೇ ಅದನ್ನು ರೂಟರಿನಿಂದ ಕಳಚಿಡಬೇಕು. ಮಿಂಚು ತಲೆಯ ಮೇಲಿರುವಾಗ ತಂತಿಗೆ ಕೈಹಾಕಲೇಬಾರದು.