ಮಿನೆಸೋಟದ ಚೌಕಾಕಾರದ ಟೌನ್‌ಶಿಪ್‌ಗಳು

ಅಮೆರಿಕದ ಮಿನೆಸೋಟ ರಾಜ್ಯದ ನಕ್ಷೆಯಲ್ಲಿ ಟೌನ್‌ಶಿಪ್‌ಗಳು, ಅಂದರೆ ಸಣ್ಣ ಸ್ಥಳೀಯ ಆಡಳಿತದ ಪ್ರದೇಶಗಳು, ಯಾಕೆ ಚೌಕ ಚೌಕವಾಗಿವೆ, ಅಲ್ಲಿ ಆಡಳಿತ ಯಾರದ್ದು ಅಂತ ಕೇಳಿದ್ದೀರಿ. ಚೌಕಕ್ಕೆ ಮೂಲ 1785ರ ಭೂ ಕಾಯ್ದೆ. ಅಲ್ಲಿನ ಮೂಲನಿವಾಸಿಗಳಾದ ಡಕೋಟಾ, ಒಜಿಬ್ವೆ ಜನರ ಕೈತಪ್ಪಿದ ನೆಲವನ್ನು ಸರ್ವೆಯವರು ಆರು ಮೈಲಿ ಉದ್ದ, ಆರು ಮೈಲಿ ಅಗಲದ ತುಂಡುಗಳಾಗಿ ಅಳೆದರು. ಒಂದೊಂದರಲ್ಲೂ ಸೆಕ್ಷನ್ ಅನ್ನುವ 36 ಭಾಗ, ತಲಾ 640 ಎಕರೆ. ಆಮೇಲೆ ಎಷ್ಟೋ ಕಡೆ ಅದೇ ಚೌಕ ಆಡಳಿತದ ಗಡಿಯೂ ಆಯಿತು.

ಟೌನ್‌ಶಿಪ್‌ನ ಆಡಳಿತಕ್ಕೆ ಸಾಮಾನ್ಯವಾಗಿ ಮೂವರು ಸೂಪರ್‌ವೈಸರ್‌ಗಳು (ಆಡಳಿತ ಮಂಡಳಿಯ ಸದಸ್ಯರು), ಒಬ್ಬ ಕ್ಲರ್ಕ್, ಒಬ್ಬ ಖಜಾಂಚಿ, ಅಷ್ಟೇ. ದೊಡ್ಡ ಕೆಲಸ ಜಲ್ಲಿ ರಸ್ತೆಯದ್ದು: ಮಟ್ಟ ಮಾಡಿಸುವುದು, ಹಿಮ ತೆಗೆಸುವುದು. ನನಗೆ ಜಾಸ್ತಿ ಇಷ್ಟವಾಗುವುದು ಮಾರ್ಚ್ ಎರಡನೇ ಮಂಗಳವಾರದ ವಾರ್ಷಿಕ ಸಭೆ. ಮುಂದಿನ ತೆರಿಗೆ ಎಷ್ಟಿರಬೇಕು ಅಂತ ಅಲ್ಲಿ ಮತದಾರರೇ ಕೂತು ತೀರ್ಮಾನಿಸುತ್ತಾರೆ. ನೀವು ಅಲ್ಲೇ ಇದ್ದರೆ ಒಮ್ಮೆ ಹೋಗಿ. ಮತ ಇಲ್ಲದಿದ್ದರೂ ಕೂತು ಕೇಳಬಹುದು.