ಲಿಟಲ್ ಟೋಕಿಯೊದಲ್ಲಿ ಅರ್ಧ ದಿನ

ಪ್ರಶ್ನೆ: ಮಗಳು ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿದ್ದಾಳೆ. ಈ ಬಾರಿ ಅವಳ ಮನೆಗೆ ಹೋದಾಗ ಲಾಸ್ ಏಂಜಲಿಸ್‌ನ ಜಪಾನೀ ಬಡಾವಣೆಯಾದ ಲಿಟಲ್ ಟೋಕಿಯೊ ನೋಡಬೇಕೆಂದಿದ್ದೇವೆ. ನಾವು ಸಸ್ಯಾಹಾರಿಗಳು. ಅಲ್ಲಿ ನಮಗೆ ತಿನ್ನಲು ಏನಾದರೂ ಸಿಗುತ್ತದೆಯೇ? ಸಿಗದಿದ್ದರೆ ಸುಮ್ಮನೆ ಅಂಗಡಿಬೀದಿ ಸುತ್ತಲು ಅಷ್ಟು ದೂರ ಹೋಗಬೇಕೇ?

ಉತ್ತರ: ಖಂಡಿತ ಹೋಗಿ. ಮೊದಲು ಊಟದ ವಿಚಾರ. ಜಪಾನೀ ಅಡುಗೆಯ ಬುನಾದಿ ದಾಶಿ ಎಂಬ ತಿಳಿರಸ. ಒಣಮೀನಿನ ಎಸಳು ಮತ್ತು ಕೊಂಬು ಎಂಬ ಕಡಲಪಾಚಿಯಿಂದ ಅದನ್ನು ತೆಗೆಯುವುದೇ ಹೆಚ್ಚು. ಮೀನಿನ ತುಂಡು ಕಣ್ಣಿಗೆ ಬೀಳದಿದ್ದರೂ ಹುದುಗಿಸಿದ ಸೋಯಾದ ಮಿಸೊ ಸೂಪಿನಲ್ಲಿ, ಉದೋನ್ ಎಂಬ ದಪ್ಪ ಶಾವಿಗೆಯ ಬಟ್ಟಲಿನಲ್ಲಿ, ಎಷ್ಟೋ ಕಡೆ ಅನ್ನ ತುಂಬಿದ ಇನಾರಿ ಸುಶಿಯ ತೋಫುವಿನಲ್ಲಿಯೂ ಅದು ಸೇರಿರುತ್ತದೆ. ಆದ್ದರಿಂದ ‘ಮಾಂಸ ಬೇಡ’ ಎಂದರೆ ಸಾಲದು, ‘ದಾಶಿಯಲ್ಲಿ ಮೀನಿದೆಯೇ’ ಎಂದೇ ಕೇಳಿ. ಸೌತೆಕಾಯಿ ಇಟ್ಟ ಅನ್ನದ ಸುರುಳಿ ಕಪ್ಪಾ ಮಾಕಿ ಸಾಮಾನ್ಯವಾಗಿ ಸುಶಿ ಅಂಗಡಿಗಳಲ್ಲಿ ಸಿಗುತ್ತದೆ.

ಆದರೆ ನಿಮ್ಮಂಥವರನ್ನು ನಾನು ಮೊದಲು ಕರೆದೊಯ್ಯುವುದು ಫಸ್ಟ್ ಸ್ಟ್ರೀಟಿನ ಉತ್ತರ ಬದಿಯಲ್ಲಿರುವ ಫುಗೆತ್ಸು-ಡೊ ಎಂಬ ಪುಟ್ಟ ಸಿಹಿ ಅಂಗಡಿಗೆ. 1903ರಲ್ಲಿ ಆರಂಭವಾದದ್ದು, ಇಂದಿಗೂ ಕಿಟೊ ಕುಟುಂಬದವರೇ ನಡೆಸುತ್ತಾರೆ. ಅಂಟಕ್ಕಿಯ ಮೆತ್ತನೆಯ ಕಣಕದೊಳಗೆ ಅಜುಕಿ ಎಂಬ ಕೆಂಪು ಕಾಳಿನ ಸಿಹಿ ಹೂರಣ ತುಂಬಿದ ಮೋಚಿ ಅಲ್ಲಿನ ವಿಶೇಷ. ನಮ್ಮ ಹೋಳಿಗೆಯ ಹೂರಣ ಬಲ್ಲ ನಾಲಿಗೆಗೆ ಅದು ಪರಕೀಯವೆನಿಸುವುದಿಲ್ಲ, ಸಿಹಿ ಮಾತ್ರ ಬಹಳ ಹದವಾಗಿರುತ್ತದೆ. ಒಲೆಯಲ್ಲಿ ಬೇಯಿಸಿದ ‘ಮಂಜು’ ಎಂಬ ಹೂರಣದ ಸಿಹಿಗೆ ಮೊಟ್ಟೆ ಸೇರಿರಬಹುದು, ವಿಚಾರಿಸಿ ತೆಗೆದುಕೊಳ್ಳಿ. ಮನೆಗೆ ಕಟ್ಟಿಸಿಕೊಳ್ಳುವುದಿದ್ದರೂ ಒಂದನ್ನು ಅಲ್ಲೇ ತಿನ್ನಿ. ತಾಜಾ ಮೋಚಿ ಮರುದಿನಕ್ಕೆ ಗಟ್ಟಿಯಾಗುತ್ತದೆ.

ಆ ಅಂಗಡಿ ನಡುವೆ ಕೆಲವು ವರ್ಷ ಬಾಗಿಲು ಹಾಕಿತ್ತು. ಏಕೆಂದು ತಿಳಿದು ತಿಂದರೆ ಒಳ್ಳೆಯದು. ಎರಡನೇ ಮಹಾಯುದ್ಧದಲ್ಲಿ ಜಪಾನ್ ಅಮೆರಿಕದ ಶತ್ರುವಾಗಿದ್ದ ಕಾಲ ಅದು. 1942ರ ಫೆಬ್ರುವರಿ 19ರಂದು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಸಹಿ ಮಾಡಿದ 9066ನೇ ಆದೇಶದ ಮೇರೆಗೆ ಅಮೆರಿಕದ ಪಶ್ಚಿಮ ಕರಾವಳಿಯ ಜಪಾನೀ ಮೂಲದವರನ್ನೆಲ್ಲ ಮನೆ ಬಿಡಿಸಿ, ಮುಳ್ಳುತಂತಿಯ ಶಿಬಿರಗಳಿಗೆ ಸಾಗಿಸಲಾಯಿತು. ಒಟ್ಟು ಸುಮಾರು 1,20,000 ಮಂದಿ. ಕೈಯಲ್ಲಿ ಹೊರಲಾಗುವಷ್ಟನ್ನು ಮಾತ್ರ ಒಯ್ಯಬಹುದಿತ್ತು. ಕಿಟೊ ಕುಟುಂಬ ವಯೋಮಿಂಗ್‌ನ ಹಾರ್ಟ್ ಮೌಂಟನ್ ಶಿಬಿರ ಸೇರಿತು. ಅಲ್ಲಿಯೂ ಜೊತೆಯವರು ತಮ್ಮ ಪಾಲಿನ ಸಕ್ಕರೆ ತಂದುಕೊಟ್ಟು ಮೋಚಿ ಮಾಡಿಸಿಕೊಂಡರೆಂದು ಕುಟುಂಬದವರು ಹೇಳುತ್ತಾರೆ. ಯುದ್ಧ ಮುಗಿದ ಮೇಲೆ ಹಿಂದಿರುಗಿ ಅದೇ ಬೀದಿಯಲ್ಲಿ ಮತ್ತೆ ಅಂಗಡಿ ತೆರೆದರು. ಎಷ್ಟೋ ಅಂಗಡಿಗಳಿಗೆ ಆ ಭಾಗ್ಯ ಇರಲಿಲ್ಲ.

ಇದಕ್ಕೇ ನಾನು ಆ ಬೀದಿಯಲ್ಲಿ ನೆಲ ನೋಡುತ್ತ ನಡೆಯಿರಿ ಎನ್ನುವುದು. ಆ ಕಾಲುದಾರಿಯ ಕಾಂಕ್ರೀಟಿನಲ್ಲಿಯೇ ಅಕ್ಷರಗಳಿವೆ. ಪ್ರತಿ ಬಾಗಿಲ ಮುಂದೆಯೂ ಅಲ್ಲಿ ಹಿಂದೆ ಯಾವ ಯಾವ ಅಂಗಡಿಗಳಿದ್ದವು ಎಂಬುದನ್ನು, ಹಳಬರ ನೆನಪಿನ ಮಾತುಗಳ ಜೊತೆಗೆ ಕೂರಿಸಿದ್ದಾರೆ. ‘ಒಮೊಯ್ದೆ ನೊ ಶೋಟೋಕ್ಯೊ’ ಎಂಬ ಹೆಸರಿನ ಈ ಕಲಾಕೃತಿ 1996ರದು. ಜನ ಫೋಟೊ ತೆಗೆಯುವ ಭರದಲ್ಲಿ ಅದನ್ನು ತುಳಿದು ಹೋಗುವುದನ್ನು ಕಂಡಾಗಲೆಲ್ಲ ಕರೆದು ನಿಲ್ಲಿಸಬೇಕೆನಿಸುತ್ತದೆ. ಅಲ್ಲೇ ಕತ್ತೆತ್ತಿದರೆ ‘ಚಾಪ್ ಸುಯಿ’ ಎಂಬ ಹಳೆಯ ನಿಯಾನ್ ಫಲಕ ಕಾಣಿಸುತ್ತದೆ. ಅದು 1935ರ ಫಾರ್ ಈಸ್ಟ್ ಕೆಫೆಯದು. ಚೀನೀ ಹೋಟೆಲಾದರೂ ಜಪಾನೀ ಮನೆತನಗಳ ಮದುವೆ, ತಿಥಿಗಳ ಊಟ ಅಲ್ಲಿಯೇ ನಡೆಯುತ್ತಿತ್ತು. ಶಿಬಿರದಿಂದ ಬರಿಗೈಯಲ್ಲಿ ಮರಳಿದವರಿಗೆ ಅಲ್ಲಿ ಸಾಲಕ್ಕೆ ಊಟ ಹಾಕಿದರೆಂದು ಹಿರಿಯರು ಇಂದಿಗೂ ನೆನೆಯುತ್ತಾರೆ.

ಪ್ರಶ್ನೆ: ಕ್ಯಾಲಿಫೋರ್ನಿಯಾ ರೋಲ್ ಎಂಬ ಸುಶಿ ಹುಟ್ಟಿದ್ದು ಲಿಟಲ್ ಟೋಕಿಯೊದಲ್ಲಿಯೇ?

ಉತ್ತರ: ಅಲ್ಲಿನ ವಾದ ಅದೇ. 1960ರ ದಶಕದಲ್ಲಿ ಟೋಕಿಯೊ ಕೈಕಾನ್ ಹೋಟೆಲಿನ ಬಾಣಸಿಗ ಇಚಿರೊ ಮಶಿತಾ, ಕೊಬ್ಬಿದ ಟ್ಯೂನಾ ಮೀನಿನ ಬದಲಿಗೆ ಬೆಣ್ಣೆಹಣ್ಣು ಬಳಸಿದರಂತೆ. ಕೆನಡಾದ ವ್ಯಾಂಕೂವರ್‌ನ ಹಿಡೆಕಾಜು ತೋಜೊ ತಾವೇ ಮೊದಲಿಗರು ಎನ್ನುತ್ತಾರೆ. ಟೋಕಿಯೊ ಕೈಕಾನ್ ಈಗಿಲ್ಲ. ಸಸ್ಯಾಹಾರಿಗಳು ಗಮನಿಸಿ: ಆ ರೋಲಿನಲ್ಲಿ ಏಡಿ ಅಥವಾ ಏಡಿಯಂತೆ ಕಾಣುವ ಮೀನು ಇರುತ್ತದೆ.

ಪ್ರಶ್ನೆ: ನಮ್ಮ ಜೊತೆ ಅಮೆರಿಕದಲ್ಲಿಯೇ ಹುಟ್ಟಿದ ಹತ್ತು ವರ್ಷದ ಮೊಮ್ಮಗನಿರುತ್ತಾನೆ. ರಜೆಯಲ್ಲಿ ತಿರುಗಾಡಲು ಬಂದ ಮಗುವಿಗೆ ಶಿಬಿರ, ಯುದ್ಧ ಎಂದೆಲ್ಲ ಹೇಳಬೇಕೇ?

ಉತ್ತರ: ಹೇಳಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆ 1,20,000 ಮಂದಿಯಲ್ಲಿ ಮೂರರಲ್ಲಿ ಎರಡು ಪಾಲು ನಿಮ್ಮ ಮೊಮ್ಮಗನಂತೆ ಅಮೆರಿಕದ ನೆಲದಲ್ಲಿಯೇ ಹುಟ್ಟಿದ ಪೌರರು. ಅವರಲ್ಲಿ ಅವನ ವಯಸ್ಸಿನ ಮಕ್ಕಳೂ ಇದ್ದರು. ಫಸ್ಟ್ ಸ್ಟ್ರೀಟ್ ಮತ್ತು ಸೆಂಟ್ರಲ್ ಅವೆನ್ಯೂ ಕೂಡುವ ಮೂಲೆಯಲ್ಲಿ 1925ರ ನಿಶಿ ಹೊಂಗ್ವಾಂಜಿ ಬೌದ್ಧ ಮಂದಿರದ ಕಟ್ಟಡವಿದೆ. 1942ರಲ್ಲಿ ಜನ ಗಂಟುಮೂಟೆ ಹಿಡಿದು ಬಸ್ ಹತ್ತಿದ್ದು ಅದರ ಪಕ್ಕದಿಂದ. ಒಯ್ಯಲಾಗದ ಸಾಮಾನನ್ನು ಒಳಗೆ ಕೂಡಿಟ್ಟು ಹೋದರು. ಅದೇ ಕಟ್ಟಡದಲ್ಲಿ 1992ರಲ್ಲಿ ಜಪಾನೀ ಅಮೆರಿಕನ್ ರಾಷ್ಟ್ರೀಯ ವಸ್ತುಸಂಗ್ರಹಾಲಯ ಆರಂಭವಾಯಿತು. ಎದುರಿಗಿರುವ ಅದರ ದೊಡ್ಡ ಕಟ್ಟಡವನ್ನು 2025ರ ಆರಂಭದಲ್ಲಿ ನವೀಕರಣಕ್ಕಾಗಿ ಮುಚ್ಚಿದರು. ಹೊರಡುವ ಮೊದಲು ತೆರೆದಿದೆಯೇ ಎಂದು ವಿಚಾರಿಸಿಕೊಳ್ಳಿ.

ಅಲ್ಲಿಂದ ತುಸು ಉತ್ತರಕ್ಕೆ ನಡೆದರೆ ‘ಗೋ ಫಾರ್ ಬ್ರೋಕ್’ ಸ್ಮಾರಕ. ಯುದ್ಧದಲ್ಲಿ ಅಮೆರಿಕದ ಪರವಾಗಿ ಸೇವೆ ಸಲ್ಲಿಸಿದ 16,000ಕ್ಕೂ ಹೆಚ್ಚು ಜಪಾನೀ ಅಮೆರಿಕನ್ನರ ಹೆಸರುಗಳು ಅದರ ಮೇಲಿವೆ. ಅವರಲ್ಲಿ ಅನೇಕರ ತಂದೆತಾಯಿ ಅದೇ ಹೊತ್ತಿಗೆ ಅದೇ ಸರ್ಕಾರದ ಶಿಬಿರಗಳಲ್ಲಿ ಬಂಧಿಗಳು! ಈ ಮಾತು ಕೇಳಿದರೆ ಮಗು ‘ಏಕೆ’ ಎಂದು ಕೇಳದೆ ಇರದು. 1988ರಲ್ಲಿ ಸರ್ಕಾರ ಕ್ಷಮೆ ಕೇಳಿ, ಬದುಕಿ ಉಳಿದಿದ್ದ ಪ್ರತಿಯೊಬ್ಬರಿಗೂ 20,000 ಡಾಲರ್ ಪರಿಹಾರ ಕೊಡುವ ಕಾನೂನು ಮಾಡಿತು. ಅದನ್ನೂ ಅವನಿಗೆ ಹೇಳಿ.

ಪ್ರಶ್ನೆ: ನಮ್ಮ ಜೊತೆಗಿರುವ ಅತ್ತೆಯವರಿಗೆ ಹೆಚ್ಚು ನಡೆಯಲಾಗದು. ಕಾರು ಬೇಕೇ?

ಉತ್ತರ: ಕಾರು ಬೇಡ, ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಅರ್ಧ ಗಂಟೆ ಹೋದೀತು. ಅರ್ವೈನ್‌ನಿಂದ ಮೆಟ್ರೊಲಿಂಕ್ ರೈಲಿನಲ್ಲಿ ಯೂನಿಯನ್ ಸ್ಟೇಷನ್‌ಗೆ ಬಂದು, ಮೆಟ್ರೊದ ಎ ಮಾರ್ಗ ಹಿಡಿದರೆ ಮುಂದಿನ ನಿಲ್ದಾಣವೇ ಲಿಟಲ್ ಟೋಕಿಯೊ. 2023ರಲ್ಲಿ ತೆರೆದ ಈ ಸುರಂಗ ನಿಲ್ದಾಣ ವಸ್ತುಸಂಗ್ರಹಾಲಯದ ಹತ್ತಿರದಲ್ಲಿಯೇ ಇದೆ, ಲಿಫ್ಟ್ ಕೂಡ ಇದೆ. ಅತ್ತೆಯವರು ದಣಿದರೆ ಜಪಾನೀಸ್ ವಿಲೇಜ್ ಪ್ಲಾಜಾದ ನೆರಳಿನಲ್ಲಿ ಕೂರಿಸಿ, ಅಲ್ಲಿ ವಾಹನಗಳ ಕಾಟವಿಲ್ಲ. ಶನಿವಾರ, ಭಾನುವಾರ ಜನಜಂಗುಳಿ ಹೆಚ್ಚು, ವಾರದ ಮಧ್ಯೆ ಬೆಳಗ್ಗೆಯೇ ಬನ್ನಿ. ಮರಳುವ ಮೆಟ್ರೊಲಿಂಕ್ ರೈಲುಗಳ ಸಮಯವನ್ನು ಮೊದಲೇ ಗುರುತು ಹಾಕಿಕೊಳ್ಳಿ.