ಟ್ಯಾಂಕಿನ ರೌಡಿ ಮೀನನ್ನು ತೆಗೆದುಬಿಟ್ಟರೆ ಉಳಿದ ಪೀಕಾಕ್ ಮೀನುಗಳಿಗೆ ಬಣ್ಣ ಬರುತ್ತದೆಯೇ?

ಬರುತ್ತದೆ, ಒಂದಕ್ಕೆ. ನಿಮ್ಮ ಮುಂದಿನ ರೌಡಿ ಅದೇ.

ನನ್ನದೂ ಆಫ್ರಿಕಾದ ಮಲಾವಿ ಸರೋವರದ ಪೀಕಾಕ್ ಮೀನುಗಳ ಟ್ಯಾಂಕೇ. ಒಂದು ನೀಲಿ ಗಂಡು ಕಲ್ಲಿನ ಗುಹೆ ಹಿಡಿದು, ಮಿಕ್ಕ ಗಂಡುಗಳನ್ನೆಲ್ಲ ಮೂಲೆಗೆ ಅಟ್ಟಿತ್ತು. ಅವು ಹೆಣ್ಣುಗಳ ಹಾಗೆ ಬೂದಾಗಿ ತಿರುಗುತ್ತಿದ್ದವು. ನೀಲಿಯನ್ನು ಹಿಡಿದು ಬೇರೆ ಟ್ಯಾಂಕಿಗೆ ಹಾಕಿದೆ. ಸಂಜೆಯೊಳಗೆ ಬೂದು ಗಂಡೊಂದಕ್ಕೆ ಬಣ್ಣ ಏರಿತು, ಅದೇ ಗುಹೆ ಹಿಡಿಯಿತು, ಇನ್ನೂ ಜೋರಾಗಿ ಅಟ್ಟತೊಡಗಿತು. ಕೆಲವು ವಾರ ನೋಡಿ, ಹಳೆಯದೇ ವಾಸಿ ಅಂತ ನೀಲಿಯನ್ನು ವಾಪಸ್ ಬಿಟ್ಟೆ.

ಎಡವಟ್ಟಾಗಿದ್ದು ಇಲ್ಲಿ, ಬಿಡಿಸಿ ಹೇಳುತ್ತೇನೆ. ನನ್ನ ಲೆಕ್ಕದಲ್ಲಿ ಅದು ಮನೆಗೆ ಮರಳಿದ ಯಜಮಾನ. ಟ್ಯಾಂಕಿನ ಲೆಕ್ಕದಲ್ಲಿ ಇನ್ನೊಬ್ಬರ ಜಾಗಕ್ಕೆ ನುಗ್ಗಿದ ಹೊಸಬ. ಬಿಡುವ ಮೊದಲು ಕಲ್ಲುಗಳ ಜಾಗ ಬದಲಿಸಲಿಲ್ಲ, ಹಾಗಾಗಿ ಗುಹೆ ಯಾರದೆಂಬ ತೀರ್ಮಾನ ಹಾಗೇ ಉಳಿದಿತ್ತು. ಲೈಟ್ ಆರಿಸಲಿಲ್ಲ. ನಡುವೆ ಜಾಲರಿಯನ್ನೂ ಇಡಲಿಲ್ಲ. ಮರುದಿನ ಆ ನೀಲಿ ಗಂಡು ರೆಕ್ಕೆ ಹರಿದು ಸತ್ತಿತ್ತು. ಅಷ್ಟು ಚೆಂದದ ಮೀನು, ಈಗಲೂ ಸಂಕಟವಾಗುತ್ತದೆ.

ಅಟ್ಟುವುದನ್ನು ಆ ಮೀನಿನ ಕೆಟ್ಟ ಬುದ್ಧಿ ಅಂದುಕೊಳ್ಳಬೇಡಿ. ಅದು ಆ ಸ್ಥಾನದ ಕೆಲಸ. ಪೀಕಾಕ್‌ನ ಬಂಧುವಾದ ಟಾಂಗಾನಿಕಾ ಸರೋವರದ ಬರ್ಟೋನಿ ಸಿಕ್ಲಿಡ್ ಎಂಬ ಮೀನಿನ ಮೇಲೆ ಸ್ಟ್ಯಾನ್‌ಫರ್ಡಿನ ಜೀವವಿಜ್ಞಾನಿ ರಸೆಲ್ ಫರ್ನಾಲ್ಡ್ ದಶಕಗಟ್ಟಲೆ ಕೆಲಸ ಮಾಡಿದರು. ಅವರ ತಂಡ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಯಜಮಾನ ಗಂಡನ್ನು ಕತ್ತಲಲ್ಲೇ ತೆಗೆದಿಟ್ಟರು. ಲೈಟ್ ಹತ್ತಿ ಜಾಗ ಖಾಲಿ ಇರುವುದು ಕಂಡ ಕೆಲವೇ ನಿಮಿಷಗಳಲ್ಲಿ ಅಡಗಿದ್ದ ಗಂಡು ಬಣ್ಣ ತೋರಿಸಿತು, ಸಂತಾನೋತ್ಪತ್ತಿಯನ್ನು ನಿಯಂತ್ರಿಸುವ ಮಿದುಳಿನ ಪ್ರಿಆಪ್ಟಿಕ್ ಭಾಗದಲ್ಲಿ ಎಗ್ರ್-1 ಎಂಬ ಜೀನ್ ಚುರುಕಾಯಿತು. ಹೀಗೆ ಪಟ್ಟ ಸಿಕ್ಕ ಗಂಡಿನಲ್ಲಿ ಮುಂದೆ ಜಿಎನ್‌ಆರ್‌ಎಚ್ ಎಂಬ, ಸಂತಾನೋತ್ಪತ್ತಿಗೆ ಚಾಲನೆ ಕೊಡುವ ಹಾರ್ಮೋನು ಸ್ರವಿಸುವ ನರಕೋಶಗಳು ಹಿಗ್ಗುತ್ತವೆ, ಮಿದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿಗೆ ಸಂದೇಶ ಹೋಗುತ್ತದೆ, ವೃಷಣ ಬೆಳೆಯುತ್ತದೆ. ಪಟ್ಟ ಹೋದರೆ ಇವೆಲ್ಲ ಮತ್ತೆ ಕುಗ್ಗುತ್ತವೆ.

ಅಂಗಡಿಯವರು ಕೊಡುತ್ತೇನೆಂದ 'ಬಣ್ಣದ ಫೀಡ್' ಬಗ್ಗೆಯೂ ಕೇಳಿದ್ದೀರಿ. ಗಂಡು ಹಾರ್ಮೋನು ಬೆರೆಸಿದ್ದಾದರೆ ದಯವಿಟ್ಟು ಮುಟ್ಟಬೇಡಿ. ಅದನ್ನು ತಿಂದರೆ ಹೆಣ್ಣಿಗೂ ಬಣ್ಣ ಬರುತ್ತದೆ, ನಿಲ್ಲಿಸಿದ ಮೇಲೆ ಮಾಸುತ್ತದೆ. ಮೀನಿನ ಒಳಗನ್ನು ಕೆಡಿಸಿ ಬಣ್ಣ ನೋಡುವುದು ನನಗಂತೂ ಒಪ್ಪುವುದಿಲ್ಲ.

ರೌಡಿ ಇರಲಿ. ಕಲ್ಲುಗಳನ್ನು ಕದಲಿಸಿ, ಒಂದರ ಗುಹೆಯಿಂದ ಇನ್ನೊಂದರದು ಕಾಣದಂತೆ ಜೋಡಿಸಿ. ಬಣ್ಣದ ಗಂಡುಗಳೇ ಬೇಕಿದ್ದರೆ ಹೆಣ್ಣುಗಳನ್ನು ಬೇರೆ ಮಾಡಿ, ನೋಡಲು ಒಂದನ್ನೊಂದು ಹೋಲದ ಜಾತಿಗಳನ್ನೇ ಆರಿಸಿ.